ಪ್ರಶ್ನೋತ್ತರ: ಪೋಸ್ಟ್ ಹಾಕಿದ್ದಕ್ಕೆ ಠಾಣೆಯಿಂದ ನೋಟಿಸ್

ಸಿಂಧನೂರು ಸದಸ್ಯ: ವಕೀಲ ಸಾಹೇಬ್ರ, ನಮಸ್ಕಾರ. ತುಂಗಭದ್ರಾ ಎಡದಂಡೆ ನಾಲೆ ನೀರು ಕೊನೆ ಭಾಗಕ್ಕ ಮುಟ್ಟವಲ್ದು, ನಾಯಕರು ಬಾಯಿ ಬಿಡವಲ್ರು ಅಂತ ನಮ್ಮ ಅಳಿಯ ಫೇಸ್‌ಬುಕ್ಕಿನಾಗ ಬರೆದಾನ. ಠಾಣೆಯಿಂದ ವಾಟ್ಸಾಪಿಗೆ ನೋಟಿಸ್ ಬಂದದ, ಫೋನ್ ತಗೊಂಡು ಬಾ ಅಂತ. ಹೋಗಬೇಕೋ ಬ್ಯಾಡೋ? ಪೋಸ್ಟ್ ತೆಗೆಸ್ಲೇನು?

ಗಂಗಾವತಿ ಸದಸ್ಯ: ಗ್ರೂಪಿನಾಗ ಯಾರೋ ಹಾಕಿದ್ದಕ್ಕ ಅಡ್ಮಿನ್ ಮ್ಯಾಲೂ ಕೇಸ್ ಆಗ್ತದೇನ್ರಿ?

ಕಂಪ್ಲಿ ಸದಸ್ಯ: ಧರಣಿಗೆ ಮೈಕ್ ಪರ್ಮಿಷನ್ ಯಾರ ಹತ್ರ ತಗೋಬೇಕು?

ವಕೀಲರು: ಸಿಂಧನೂರಿನವರದು ಮೊದಲು. ಪೋಸ್ಟ್ ಅಳಿಸಬ್ಯಾಡ್ರಿ. ಸಾಕ್ಷ್ಯ ನಾಶ ಅಂತ ಇನ್ನೊಂದು ಕಲಂ ಸೇರಿಸೋಕೆ ದಾರಿಯಾಗುತ್ತೆ, ಮೇಲಾಗಿ ಆ ಪೋಸ್ಟೇ ಹುಡುಗನ ಪರ ಸಾಕ್ಷಿ. ದಿನಾಂಕ, ಲಿಂಕ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಪೊಲೀಸ್ ತನಿಖೆಯ ಕ್ರಮ ಹೇಳೋ ಕಾಯ್ದೆ ಬಿಎನ್‌ಎಸ್‌ಎಸ್, ಅದರ ಕಲಂ 35ರ ಹಾಜರಾತಿ ನೋಟಿಸನ್ನು ವಾಟ್ಸಾಪ್‌ನಲ್ಲಿ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲೇ ಹೇಳಿದೆ. ಹಾಗಂತ ಸುಮ್ಮನೆ ಕೂಡಬ್ಯಾಡ್ರಿ. ಇವತ್ತೇ ಠಾಣಾಧಿಕಾರಿಗೆ ಅರ್ಜಿ ಬರೆಸಿ: ಅಪರಾಧ ಸಂಖ್ಯೆ (ಎಫ್‌ಐಆರ್ ನಂಬರ್), ಕಲಂ ನಮೂದಿಸಿ ಕಾಗದದ ನೋಟಿಸ್ ಕೊಡಿ, ಹಾಜರಾಗುವೆ. ಎರಡು ಪ್ರತಿ, ಒಂದರ ಮೇಲೆ ಸೀಲು, ಸಹಿ. ತಗೊಳ್ಳಲಿಲ್ಲ ಅಂದ್ರೆ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್. ಕಾಗದದ ನೋಟಿಸ್ ಬಂದ ಮೇಲೆ ತಪ್ಪಿಸಿಕೊಂಡರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ. ಹಾಜರಾದವನನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಫೋನನ್ನು ಪಂಚನಾಮೆ ಇಲ್ಲದೆ ಕೊಡಬ್ಯಾಡ್ರಿ. ಫೋನಿನ ಗುರುತಿನ ಐಎಂಇಐ ಸಂಖ್ಯೆ ಬರೆಸಿ. ಬಿಎನ್‌ಎಸ್‌ಎಸ್ ಕಲಂ 105ರಂತೆ ಜಪ್ತಿಯ ವಿಡಿಯೋ ಆಗಲೇಬೇಕು.

ಗಂಗಾವತಿ: ಇನ್ನೊಬ್ಬ ಹಾಕಿದ್ದಕ್ಕೆ ಬರೀ ಅಡ್ಮಿನ್ ಅನ್ನೋ ಕಾರಣಕ್ಕೆ ಹೊಣೆ ಇಲ್ಲ. ಬಾಂಬೆ, ಕೇರಳ ಹೈಕೋರ್ಟ್‌ಗಳು ಹೇಳಿವೆ.

ಸಿರುಗುಪ್ಪ ಸದಸ್ಯ: ಫಾರ್ವರ್ಡ್ ಬಂದದ ನೋಡ್ರಿ: ಐಟಿ ಕಾಯ್ದೆಯ 66ಎ ರದ್ದಾಗಿದೆ, ಪೋಸ್ಟ್ ಕೆಳಗೆ 'ವೈಯಕ್ತಿಕ ಅಭಿಪ್ರಾಯ, ವಿಧಿ 19ರ ರಕ್ಷಣೆ ಇದೆ' ಎಂದು ಬರೆದರೆ ಪೊಲೀಸರು ಮುಟ್ಟುವಂತಿಲ್ಲ.

ವಕೀಲರು: ಈ ವಾರ ಇದು ಮೂರನೇ ಸಲ. ಆನ್‌ಲೈನ್ ಬರಹಕ್ಕೆ ಶಿಕ್ಷೆ ಹೇಳುತ್ತಿದ್ದ 66ಎ 2015ರ ಮಾರ್ಚ್ 24ರಂದು ರದ್ದಾಗಿದೆ, ಖರೆ. ಆದ್ರೆ ಅಪರಾಧ, ಶಿಕ್ಷೆ ಹೇಳೋ ಕಾಯ್ದೆ ಬಿಎನ್‌ಎಸ್‌ನ ಕಲಂ 196 (ಗುಂಪುಗಳ ನಡುವೆ ದ್ವೇಷ), 299 (ಧಾರ್ಮಿಕ ಭಾವನೆಗೆ ಧಕ್ಕೆ), 353 (ಗಲಭೆಗೆ ದಾರಿಯಾಗೋ ಹೇಳಿಕೆ) ಜೀವಂತ ಇವೆ. ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ ಕೊಡೋ 19(1) ಫಾರ್ವರ್ಡ್ ಮಾಡೋರು ನಿರ್ಬಂಧ ಹೇಳೋ 19(2)ನ್ನು ಓದೋದೇ ಇಲ್ಲ. ಆ ಸಾಲು ನಂಬಿ ಜಾತಿ, ಧರ್ಮದ ಮೇಲೆ ದ್ವೇಷ ಬರೆದವನಿಗೆ 196 ಬಿದ್ದರೆ ಅದು ಜಾಮೀನುರಹಿತ. ದಯವಿಟ್ಟು ಡಿಲೀಟ್ ಮಾಡಿ.

ಮಾನ್ವಿ ಸದಸ್ಯ: ನಾಯಕರ ಹೆಸರು ಹಿಡಿದು ಬರೆದ್ರ ಕೇಸ್ ಆಗಬೇಕು. ಅವರಿಗೆ ಮಾನ ಇಲ್ಲೇನು?

ಸಿರುಗುಪ್ಪ ಸದಸ್ಯ: ಭತ್ತ ಒಣಗಿದವ ಯಾರನ್ನ ಕೇಳಬೇಕು ಮತ್ತ?

ಮಾನ್ವಿ ಸದಸ್ಯ: ನೀರಿನ ಹೆಸರಲೆ ರಾಜಕೀಯ ಮಾಡಬ್ಯಾಡ.

ಸಿರುಗುಪ್ಪ ಸದಸ್ಯ: ಏಕವಚನ ಬ್ಯಾಡ್ರಿ. ನೀರು ಕೇಳಿದ್ರ ರಾಜಕೀಯ ಆಗ್ತದೇನು?

ವಕೀಲರು: ಇಬ್ಬರೂ ನಿಲ್ಲಿಸಿ. ಮಾನಹಾನಿ, ಅಂದರೆ ಬಿಎನ್‌ಎಸ್ 356, ಅಸಂಜ್ಞೇಯ. ಪೊಲೀಸರು ಎಫ್‌ಐಆರ್ ಹಾಕುವಂತಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ನೀರಿಲ್ಲ ಅನ್ನೋ ಟೀಕೆ ನಾಗರಿಕನ ಹಕ್ಕು, ಯಾರ ದಯೆಯೂ ಅಲ್ಲ.

ಕುಷ್ಟಗಿ ಸದಸ್ಯ: ಅಡ್ಮಿನ್ ಮ್ಯಾಲೆ ಕೇಸ್ ಆಗ್ತದೇನ್ರಿ ಸರ್?

ವಕೀಲರು: ಮೇಲೆ ಬರೆದೀನಿ. ಓದ್ರಿ.

ಕಂಪ್ಲಿ ಸದಸ್ಯ: ಮೈಕಿಂದು ಯಾರೂ ಹೇಳಲೇ ಇಲ್ಲ.

ಸಿಂಧನೂರು ಸದಸ್ಯ: ಸಾಹೇಬ್ರ, ಕಾಗದದ ನೋಟಿಸ್ ಕೊಟ್ಟಾರ. ಅಪರಾಧ ಸಂಖ್ಯೆ ಜಾಗ ಖಾಲಿ ಅದ. ನಾಳೆ 11ಕ್ಕ ಬಾ ಅಂದಾರ.

ವಕೀಲರು: ಇದೇ ನನಗೆ ಚಿಂತೆ. ಖಾಲಿ ಅಂದ್ರೆ ಎಫ್‌ಐಆರೇ ಆಗಿರಲಿಕ್ಕಿಲ್ಲ. ನೋಟಿಸಿನ ಫೋಟೋ ನನಗೊಬ್ಬನಿಗೇ ಕಳಿಸಿ, ಇಲ್ಲಿ ಹಾಕಬ್ಯಾಡ್ರಿ. ಹುಡುಗ ಒಬ್ಬನೇ ಹೋಗೋದು ಬೇಡ, ಸ್ಥಳೀಯ ವಕೀಲರು ಜತೆಗಿರಲಿ. ಎಫ್‌ಐಆರ್ ಪ್ರತಿ ಬರಹದಲ್ಲಿ ಕೇಳಿ. ಖಾಲಿ ಹಾಳೆಗೆ ಸಹಿ ಬೇಡ. ಬಂಧಿಸಿದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಕೇಳೋ ಜಾಮೀನು) ಅರ್ಜಿ ಇವತ್ತು ರಾತ್ರಿಯೇ ತಯಾರಿರಲಿ: ಮೊದಲು ಸೆಷನ್ಸ್ ಕೋರ್ಟ್, ಅಲ್ಲಿ ಆಗದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠ. ಬಳ್ಳಾರಿ, ಕೊಪ್ಪಳದವರಿಗಾದರೆ ಧಾರವಾಡ. 9 ಗಂಟೆಗೆ ಫೋನ್ ಮಾಡ್ರಿ.