ಮ್ಯಾನ್ ಪೇಜ್‌ನಲ್ಲಿ ಬೇಕಾದ್ದು ಸಿಗುತ್ತಿಲ್ಲ, ಹೇಗೆ ಓದಬೇಕು?

ಪ್ರಶ್ನೆ: ಸರ್, ಲಿನಕ್ಸ್ ಕಲಿಯುತ್ತಿದ್ದೇನೆ. ದಿನಾ ರಾತ್ರಿ ಒಂದು ಸ್ಕ್ರಿಪ್ಟ್ ತಾನಾಗೇ ಓಡಬೇಕು. ಅಂಥ ಕೆಲಸಕ್ಕೆ ವೇಳೆ ಗೊತ್ತುಮಾಡುವ 'ಕ್ರಾನ್‌ಟ್ಯಾಬ್' ಕಮಾಂಡ್‌ನ ಮ್ಯಾನ್ ಪೇಜ್ (ಲಿನಕ್ಸ್‌ನಲ್ಲೇ ಇರುವ ಕೈಪಿಡಿ, ಮ್ಯಾನುಯಲ್) ನೋಡಲು 'ಮ್ಯಾನ್ ಕ್ರಾನ್‌ಟ್ಯಾಬ್' ಅಂತ ಹೊಡೆದೆ. ಆಪ್ಷನ್‌ಗಳಿವೆ, ಆದರೆ ಗಂಟೆ, ನಿಮಿಷ ಬರೆಯುವ ಕ್ರಮ ಇಲ್ಲ. ಮೇಲ್ಗಡೆ ಹೆಸರಿನ ಪಕ್ಕ ಬ್ರಾಕೆಟ್‌ನಲ್ಲಿ 1 ಅಂತಿದೆ, ಅದೇನು? ಸುಮ್ನೆ ನೆಟ್‌ನಲ್ಲಿ ಹುಡುಕಿದರೆ ಸಾಕಲ್ವಾ?

ಉತ್ತರ: ಮ್ಯಾನುಯಲ್ ಬಿಡಬೇಡಿ. ನಿಮಗೆ ಬೇಕಾದ್ದು ಅಲ್ಲೇ ಇದೆ, ಬೇರೆ ವಿಭಾಗದಲ್ಲಿ. ಬ್ರಾಕೆಟ್‌ನ ಅಂಕಿ ವಿಭಾಗದ ಸಂಖ್ಯೆ. 1 ಅಂದರೆ ನಾವು ದಿನಾ ಬಳಸುವ ಕಮಾಂಡ್, 2 ಸಿಸ್ಟಂ ಕಾಲ್, 3 ಲೈಬ್ರರಿ ಫಂಕ್ಷನ್ (ಇವೆರಡೂ ಪ್ರೋಗ್ರಾಂ ಬರೆಯುವವರಿಗೆ), 5 ಫೈಲ್ ಬರೆಯುವ ರೀತಿ, 8 ಅಡ್ಮಿನ್ ಕೆಲಸ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ 1971ರ ಮೊದಲ ಮ್ಯಾನುಯಲ್‌ನಲ್ಲೇ ಹೀಗೆ ವಿಭಾಗ ಮಾಡಿದ್ದರು.

'ಮ್ಯಾನ್ 5 ಕ್ರಾನ್‌ಟ್ಯಾಬ್' ಹೊಡೆಯಿರಿ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರದ ದಿನ, ಆಮೇಲೆ ಕಮಾಂಡ್ ಅಂತ ಕ್ರಮ ಸಿಗುತ್ತದೆ. '30 2 * * *' ಅಂದರೆ ದಿನಾ ರಾತ್ರಿ ಎರಡೂವರೆಗೆ ('*' ಅಂದರೆ ಯಾವುದಾದರೂ ಸರಿ). ಅಲ್ಲೇ ಇನ್ನೊಂದು ಮಾತಿದೆ, ತಪ್ಪದೇ ಓದಿ. '30 2 13 * 5' ಬರೆದರೆ 13ನೇ ತಾರೀಖು ಶುಕ್ರವಾರ ಬಂದಾಗ ಮಾತ್ರ ಓಡುತ್ತದೆ ಅಂತ ಅನಿಸುತ್ತದೆ. ಹಾಗಲ್ಲ. ಪ್ರತಿ 13ಕ್ಕೂ ಓಡುತ್ತದೆ, ಪ್ರತಿ ಶುಕ್ರವಾರವೂ ಓಡುತ್ತದೆ. ನೆಟ್‌ನಿಂದ ಒಂದು ಸಾಲು ಕಾಪಿ ಮಾಡಿಕೊಂಡವರಿಗೆ ಇದು ಗೊತ್ತಾಗುವುದೇ ಇಲ್ಲ.

ಪೇಜನ್ನು ಮೊದಲಿಂದ ಕೊನೇವರೆಗೆ ಓದಬೇಕಿಲ್ಲ. '/' ಒತ್ತಿ ಪದ ಬರೆದು ಎಂಟರ್ ಕೊಡಿ. 'ಎನ್' ಒತ್ತಿದರೆ ಮುಂದಿನದು, 'ಕ್ಯೂ' ಒತ್ತಿದರೆ ಹೊರಗೆ. ಕಮಾಂಡ್ ಬರೆಯುವ ರೀತಿ ತೋರಿಸುವ 'ಸಿನಾಪ್ಸಿಸ್' ಭಾಗದಲ್ಲಿ ಚೌಕ ಬ್ರಾಕೆಟ್ ಒಳಗಿರುವುದು ಬೇಕಿದ್ದರೆ ಹಾಕಬಹುದು, ಮೂರು ಚುಕ್ಕಿ ಇದ್ದರೆ ಎಷ್ಟು ಸಲ ಬೇಕಾದರೂ ಹಾಕಬಹುದು. ಕೊನೆಯ 'ಸೀ ಆಲ್ಸೋ' ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನೀವು ತೆರೆದ ಪೇಜಿನ ತಳದಲ್ಲೇ 'ಕ್ರಾನ್‌ಟ್ಯಾಬ್(5)' ಅಂತ ಇರುತ್ತದೆ.

ಪ್ರಶ್ನೆ: ಥ್ಯಾಂಕ್ಸ್ ಸರ್, ಸಿಕ್ಕಿತು! ಕಮಾಂಡ್‌ನ ಹೆಸರೇ ಗೊತ್ತಿಲ್ಲದಿದ್ದರೆ?

ಉತ್ತರ: 'ಮ್ಯಾನ್ -ಕೆ' ಹಾಕಿ ಪಕ್ಕದಲ್ಲಿ ಕೆಲಸಕ್ಕೆ ಸಂಬಂಧಪಟ್ಟ ಇಂಗ್ಲಿಷ್ ಪದ ಕೊಡಿ. ಹೆಸರು ಮತ್ತು ಒಂದು ಸಾಲಿನ ವಿವರಣೆಯಲ್ಲಿ ಆ ಪದ ಇರುವ ಪೇಜ್‌ಗಳೆಲ್ಲ ಬರುತ್ತವೆ. ಏನೂ ಬರದಿದ್ದರೆ ರೂಟ್ (ಅಡ್ಮಿನ್) ಆಗಿ 'ಮ್ಯಾನ್‌ಡಿಬಿ' ಓಡಿಸಿ, ಪಟ್ಟಿ ಹೊಸದಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: ನನಗೆ ಫೋಲ್ಡರ್ ಬದಲಿಸುವ 'ಸಿಡಿ' ಕಮಾಂಡ್‌ಗೆ ಮ್ಯಾನ್ ಪೇಜೇ ಬರುತ್ತಿಲ್ಲ ಸರ್. ಇನ್‌ಸ್ಟಾಲ್ ತಪ್ಪಾಗಿದೆಯಾ?

ಉತ್ತರ: ಇಲ್ಲ, ಸರಿಯಾಗೇ ಇದೆ. 'ಸಿಡಿ' ಶೆಲ್‌ನ (ನಾವು ಹೊಡೆದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಒಳಗೇ ಇರುವ ಕಮಾಂಡ್. 'ಟೈಪ್ ಸಿಡಿ' ಹೊಡೆದರೆ ಅದೇ ಹೇಳುತ್ತದೆ. ಬ್ಯಾಶ್ ಎಂಬ ಶೆಲ್‌ನಲ್ಲಿ ಇಂಥವಕ್ಕೆ 'ಹೆಲ್ಪ್ ಸಿಡಿ' ಕೊಡಿ.