ವಿಮಾನ ನಿಲ್ದಾಣಗಳಿಗೆ ಬೇರೆಯದೇ ಸಂಘ ಯಾಕೆ ಬೇಕು? ಒಳ್ಳೆಯ ಸಂಘವನ್ನು ಗುರುತಿಸುವುದು ಹೇಗೆ?

ಲೆಕ್ಕದ_ಮೇಜು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಒಂದು ಚಿಕ್ಕ ವಿಮಾನ ನಿಲ್ದಾಣದ ಹಣಕಾಸು ವಿಭಾಗಕ್ಕೆ ಈಚೆಗೆ ಸೇರಿದ್ದೇನೆ. ಅದಕ್ಕೂ ಮುಂಚೆ ವಿಮಾನಯಾನಕ್ಕೂ ನನಗೂ ಸಂಬಂಧವೇ ಇರಲಿಲ್ಲ. ಬಜೆಟ್ ನೋಡುತ್ತಿದ್ದಾಗ 'ಉದ್ಯಮ ಸಂಘದ ಸದಸ್ಯತ್ವ' ಅನ್ನುವ ಸಾಲು ಕಣ್ಣಿಗೆ ಬಿತ್ತು. ಇದು ಯಾಕೆ ಅಂತ ಕೇಳಿದರೆ 'ಅದು ಇರಲೇಬೇಕು' ಅಂದರು. ಅಷ್ಟೇ ಉತ್ತರ.

ನನ್ನ ಗೊಂದಲ ಇದು. ವಿಮಾನ ಕಂಪನಿಗಳಿಗೆ ಅಯಾಟಾ ಅನ್ನುವ ಜಾಗತಿಕ ಸಂಘ ಇದೆ. ಸರ್ಕಾರಗಳಿಗೆ ಐಕಾವೊ, ಅಂದರೆ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಇದೆ. ಮಧ್ಯದಲ್ಲಿ ನಿಲ್ದಾಣಗಳಿಗೆ ಅಂತ ಇನ್ನೊಂದು ಯಾಕೆ? ನಿಲ್ದಾಣ ಅಂದರೆ ಒಂದು ರನ್‌ವೇ, ಒಂದು ಕಟ್ಟಡ, ಬಾಡಿಗೆ ವಸೂಲಿ. ಇದರಲ್ಲಿ ಸಂಘ ಕಟ್ಟಿಕೊಂಡು ಮಾಡುವಂಥದ್ದು ಏನಿದೆ? ಒಂದು ಸಂಘ ಕೆಲಸ ಮಾಡುತ್ತಿದೆಯೋ, ಸುಮ್ನೆ ಸಮ್ಮೇಳನ ನಡೆಸುತ್ತಿದೆಯೋ ಅಂತ ಹೊರಗಿನಿಂದ ನೋಡಿ ಹೇಳಲು ಆಗುತ್ತದಾ?

ರೂಟ್_ಪ್ಲಾನರ್:

ನಾನು ವಿಮಾನ ಕಂಪನಿ ಕಡೆಯವನು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡು ಕೇಳಿ. ನಮಗೆ ಕಾಣುವ ಮಟ್ಟಿಗೆ ನಿಲ್ದಾಣಗಳ ಸಂಘದ ಮುಖ್ಯ ಕೆಲಸ ಎರಡು. ಶುಲ್ಕ ಇಳಿಸಬೇಡಿ ಅನ್ನುವುದು, ಪ್ರಶಸ್ತಿ ಹಂಚುವುದು. ನಿಲ್ದಾಣಕ್ಕೆ ಪೈಪೋಟಿ ಕಡಿಮೆ. ನಮಗೆ ಒಂದು ಊರಿಗೆ ಹೋಗಬೇಕು ಅಂದರೆ ಆ ಊರಿನ ರನ್‌ವೇಯಲ್ಲೇ ಇಳಿಯಬೇಕು. ಅಂಥವರು ಒಟ್ಟು ಸೇರಿದರೆ ಗಿರಾಕಿಗೆ ಒಳ್ಳೆಯದಾಗುತ್ತದಾ ಅನ್ನುವುದು ನನ್ನ ಹಳೆಯ ಅನುಮಾನ.

ಏಪ್ರನ್_ಹಳಬಿ:

ಲೆಕ್ಕದ_ಮೇಜು ಅವರೇ, ನಾನು ಬಹಳ ಕಾಲ ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ) ಮತ್ತು ಟರ್ಮಿನಲ್ ಕಾರ್ಯಾಚರಣೆಯಲ್ಲಿ ಇದ್ದವಳು. ಆಮೇಲೆ ಒಂದು ಸಂಘದ ಸಮಿತಿಯಲ್ಲೂ ಕೂತೆ. ಎರಡೂ ಕಡೆಯ ಅನುಭವದಿಂದ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ನಿಲ್ದಾಣದ ಪಾತ್ರ. ನೀವು 'ಕಟ್ಟಡ, ಬಾಡಿಗೆ' ಅಂದಿರಿ. ಒಳಗೆ ಯಾರ್ಯಾರು ಕೆಲಸ ಮಾಡುತ್ತಾರೆ ನೋಡಿ. ಚೆಕ್-ಇನ್ ವಿಮಾನ ಕಂಪನಿಯದು. ಬ್ಯಾಗ್ ಎತ್ತುವುದು ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿ. ಇಮಿಗ್ರೇಷನ್, ಕಸ್ಟಮ್ಸ್ ಸರ್ಕಾರದ್ದು. ವಿಮಾನವನ್ನು ಹೊರಡಿಸುವ ಮಾತು ಏಟಿಸಿಯದು, ಅಂದರೆ ವಿಮಾನ ಸಂಚಾರ ನಿಯಂತ್ರಣದವರದು. ಇವರಲ್ಲಿ ಬಹಳಷ್ಟು ಜನ ನಿಲ್ದಾಣದ ನೌಕರರಲ್ಲ, ನಿಲ್ದಾಣ ಅವರಿಗೆ ಆಜ್ಞೆ ಮಾಡಲು ಆಗುವುದಿಲ್ಲ. ಆದರೆ ಸಾಲು ಉದ್ದವಾದರೆ ಬೈಗುಳ ಬೀಳುವುದು ನಿಲ್ದಾಣಕ್ಕೇ. ಅಧಿಕಾರ ಕಮ್ಮಿ, ಹೊಣೆ ಜಾಸ್ತಿ. ಇವರೆಲ್ಲರನ್ನೂ ಒಂದೇ ಗಡಿಯಾರಕ್ಕೆ ಹೊಂದಿಸುವುದೇ ನಿಲ್ದಾಣದ ನಿಜವಾದ ಕೆಲಸ. ರನ್‌ವೇ ನೋಡಿಕೊಳ್ಳುವುದು ಅದರ ಒಂದು ಭಾಗ ಮಾತ್ರ.

ಇನ್ನೊಂದು, ವಿಮಾನ ಕಂಪನಿಗೆ ಒಂದು ಮಾರ್ಗ ನಷ್ಟವಾದರೆ ವಿಮಾನವನ್ನು ಬೇರೆ ಕಡೆ ಕಳಿಸುತ್ತದೆ. ನಿಲ್ದಾಣ ಎಲ್ಲಿಗೆ ಹೋಗುತ್ತದೆ? ಅದರ ಖರ್ಚು ಕೂಡ ಪ್ರಯಾಣಿಕರ ಜೊತೆ ಇಳಿಯುವುದಿಲ್ಲ. ಅಗ್ನಿಶಾಮಕ ದಳವನ್ನೇ ತೆಗೆದುಕೊಳ್ಳಿ. ಬಳಕೆಯಲ್ಲಿರುವ ರನ್‌ವೇಯ ಯಾವ ಮೂಲೆಗಾದರೂ 3 ನಿಮಿಷದೊಳಗೆ ತಲುಪಬೇಕು ಅಂತ ಐಕಾವೊ ಹೇಳುತ್ತದೆ. ದಿನಕ್ಕೆ 200 ವಿಮಾನ ಬಂದರೂ ಅಷ್ಟೇ, 2 ಬಂದರೂ ಅಷ್ಟೇ. ದಳದ ಗಾತ್ರ ತೀರ್ಮಾನ ಆಗುವುದು ಬರುವ ವಿಮಾನದ ಉದ್ದ, ಒಡಲಿನ ಅಗಲ ನೋಡಿ. ಒಳಗೆ ಎಷ್ಟು ಜನ ಕೂತಿದ್ದಾರೆ ಅಂತಲ್ಲ. 2020ರಲ್ಲಿ ಜಗತ್ತಿನ ನಿಲ್ದಾಣಗಳ ಪ್ರಯಾಣಿಕರ ಸಂಖ್ಯೆ ಶೇ 60ಕ್ಕೂ ಹೆಚ್ಚು ಬಿತ್ತು. ಫೈರ್ ಎಂಜಿನ್‌ಗಳು ಮಾತ್ರ ಇದ್ದಲ್ಲೇ ಇರಬೇಕಿತ್ತು. ಹಣಕಾಸಿನವರಾದ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬೇರೆ ಸಂಘ ಯಾಕೆ ಅನ್ನುವ ಮಾತು. ಅಯಾಟಾ 1945ರಲ್ಲಿ ಹವಾನಾದಲ್ಲಿ ಶುರುವಾಯಿತು, ವಿಮಾನ ಕಂಪನಿಗಳಿಗಾಗಿ. ಐಕಾವೊ 1944ರ ಷಿಕಾಗೊ ಒಪ್ಪಂದದಿಂದ ಹುಟ್ಟಿದ್ದು, ಅಲ್ಲಿ ಮತ ಇರುವುದು 193 ದೇಶಗಳಿಗೆ. ನಿಲ್ದಾಣಗಳ ಜಾಗತಿಕ ಸಂಘ ಏರ್‌ಪೋರ್ಟ್ಸ್ ಕೌನ್ಸಿಲ್ ಇಂಟರ್‌ನ್ಯಾಷನಲ್, ಅಂದರೆ ಏಸಿಐ, ಈ ರೂಪಕ್ಕೆ ಬಂದಿದ್ದು 1991ರಲ್ಲಿ. ಎಷ್ಟು ತಡ ನೋಡಿ. ಮೊದಲು ಬೇರೆ ಬೇರೆ ಗುಂಪುಗಳಿದ್ದವು, ಅಷ್ಟೇ. ಬಹಳ ಕಡೆ ನಿಲ್ದಾಣ ಅಂದರೆ ಸರ್ಕಾರಿ ಇಲಾಖೆಯ ಒಂದು ಶಾಖೆಯಾಗಿತ್ತು. ಇಲಾಖೆಗೆ ಬೇರೆ ದನಿ ಯಾಕೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ದನಿ ಬೇರೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸ್ಲಾಟ್ ನಿಯಮಗಳನ್ನು ನೋಡಿ. ದಟ್ಟಣೆಯ ನಿಲ್ದಾಣದಲ್ಲಿ ಯಾವ ವಿಮಾನಕ್ಕೆ ಎಷ್ಟು ಹೊತ್ತಿಗೆ ಜಾಗ ಅಂತ ಹಂಚುವ ಮಾರ್ಗಸೂಚಿ ಅದು. ಕೊಟ್ಟ ಸ್ಲಾಟ್ ಸರಣಿಯನ್ನು ಶೇ 80ರಷ್ಟಾದರೂ ಬಳಸಿದರೆ ಮುಂದಿನ ವರ್ಷ ಅದೇ ಋತುವಿಗೂ ಅದು ನಿಮ್ಮದೇ. ಈ ಪುಸ್ತಕವನ್ನು ವರ್ಷಗಟ್ಟಲೆ ಹೊರತರುತ್ತಿದ್ದುದು ಅಯಾಟಾ. ಅಂದರೆ ನಿಲ್ದಾಣದ ಜಾಗ ಹಂಚುವ ಪುಸ್ತಕ ಗಿರಾಕಿಗಳ ಸಂಘದ ಹೆಸರಿನಲ್ಲಿ ಬರುತ್ತಿತ್ತು! 2020ರಿಂದ ಅದು ಅಯಾಟಾ, ಏಸಿಐ ಮತ್ತು ಸ್ಲಾಟ್ ಸಂಯೋಜಕರ ಗುಂಪು, ಈ ಮೂವರ ಜಂಟಿ ಪುಸ್ತಕ. ಅದೇ ವರ್ಷ ವಿಮಾನಗಳು ನೆಲ ಹಿಡಿದಾಗ ಶೇ 80ರ ನಿಯಮ ಸಡಿಲವಾಯಿತು. ಮೊದಮೊದಲು ಎಲ್ಲರೂ ಒಪ್ಪಿದರು, ಯಾರೂ ಖಾಲಿ ವಿಮಾನ ಹಾರಿಸಬೇಕಾಗಿಲ್ಲ. ಆಮೇಲೆ ಕಂಪನಿಗಳು ವಿನಾಯಿತಿ ಮುಂದುವರಿಯಲಿ ಅಂದವು. ನಿಲ್ದಾಣಗಳು ಷರತ್ತು ಹಾಕಿ ಅಂದವು, ಬಳಸದ ಸ್ಲಾಟ್ ಬೇಗ ವಾಪಸ್ ಬಂದರೆ ಇನ್ನೊಬ್ಬರಿಗಾದರೂ ಕೊಡಬಹುದಲ್ಲ ಅಂತ. ಇಬ್ಬರದ್ದೂ ನ್ಯಾಯವಾದ ಮಾತೇ. ಆದರೆ ಎರಡನೆಯ ಮಾತನ್ನು ಮೊದಲನೆಯವರ ಸಂಘ ಆಡುವುದಿಲ್ಲ, ಅಲ್ವಾ?

ಇನ್ನು ಒಳ್ಳೆಯ ಸಂಘ ಯಾವುದು ಅನ್ನುವುದು. ನನ್ನ ಅಳತೆ ವಿಚಿತ್ರ ಅನ್ನಿಸಬಹುದು. ಸಂಘ ಎಷ್ಟು ಬೇಸರದ ಕೆಲಸ ಮಾಡುತ್ತದೆ ಅಂತ ನೋಡುತ್ತೇನೆ. ಒಂದು ಉದಾಹರಣೆ, ನಿಮ್ಮ ಮೇಜಿಗೇ ಸಂಬಂಧಪಟ್ಟದ್ದು. ಪ್ರಯಾಣಿಕರನ್ನು ಎಣಿಸುವುದು ಹೇಗೆ? ಒಂದು ವಿಮಾನದಿಂದ ಇಳಿದು ಇನ್ನೊಂದಕ್ಕೆ ಹತ್ತುವವರನ್ನು ಎರಡು ಸಲ ಎಣಿಸುತ್ತಾರೆ, ಇಳಿದಾಗ ಒಮ್ಮೆ, ಹತ್ತಿದಾಗ ಒಮ್ಮೆ. ಬಂದ ವಿಮಾನದಲ್ಲೇ ಮುಂದೆ ಹೋಗುವವರನ್ನು ಒಮ್ಮೆ ಮಾತ್ರ. ಈ ವ್ಯಾಖ್ಯೆ ಎಲ್ಲರಿಗೂ ಒಂದೇ ಇಲ್ಲದಿದ್ದರೆ 'ತಲಾ ಪ್ರಯಾಣಿಕ ವೆಚ್ಚ' ಅಂತ ನೀವು ಮಾಡುವ ಹೋಲಿಕೆಗೆ ಬೆಲೆಯೇ ಇಲ್ಲ. ಇಂಥ ವ್ಯಾಖ್ಯೆ ಬರೆದು, ಸದಸ್ಯರಿಂದ ಅಂಕಿ ಕೇಳಿ ಪಡೆದು, ಕಳಿಸದವರಿಗೆ ಮತ್ತೆ ಮತ್ತೆ ನೆನಪು ಮಾಡುವ ಕೆಲಸಕ್ಕೆ ಚಪ್ಪಾಳೆ ಸಿಗುವುದಿಲ್ಲ. ಸಂಘದ ಜೀವ ಇರುವುದು ಅಲ್ಲೇ.

ರನ್‌ವೇ ಸ್ಥಿತಿ ವರದಿಯದೂ ಹೀಗೇ. 2021ರ ನವೆಂಬರ್‌ನಿಂದ ಒದ್ದೆ ಅಥವಾ ಹಿಮ ಬಿದ್ದ ರನ್‌ವೇಯನ್ನು ಮೂರು ಭಾಗ ಮಾಡಿ, ಒಂದೊಂದಕ್ಕೂ 0ಯಿಂದ 6ರವರೆಗೆ ಅಂಕ ಕೊಡುವ ಪದ್ಧತಿ ಜಗತ್ತಿಗೆಲ್ಲ ಬಂತು. ನಿಯಮ ಬರೆದದ್ದು ಐಕಾವೊ. ಆದರೆ ರಾತ್ರಿ ಪಾಳಿಯಲ್ಲಿ ಜೀಪು ಹತ್ತಿ ಹೋಗಿ ನೋಡುವ ಸಿಬ್ಬಂದಿಗೆ ಕಲಿಸುವವರು ಯಾರು? ದೊಡ್ಡ ನಿಲ್ದಾಣಕ್ಕೆ ತನ್ನದೇ ತರಬೇತಿ ವಿಭಾಗ ಇರುತ್ತದೆ. ನಿಮ್ಮಂಥ ಚಿಕ್ಕ ನಿಲ್ದಾಣಕ್ಕೆ ಸಂಘವೇ ಗತಿ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಏಸಿಐ ನಡೆಸುವ ಅಪೆಕ್ಸ್ ಅನ್ನುವ ಸುರಕ್ಷತಾ ತಪಾಸಣೆ. ಬೇರೆ ನಿಲ್ದಾಣಗಳ ಅನುಭವಸ್ಥರು ನಿಮ್ಮಲ್ಲಿಗೆ ಬರುತ್ತಾರೆ. ರನ್‌ವೇ ಗುರುತು, ಹಕ್ಕಿ ಕಾಟ, ವಾಹನ ಓಡಾಟ, ಎಲ್ಲ ನೋಡಿ ಕೊರತೆ ಹೇಳುತ್ತಾರೆ. ನಿಯಂತ್ರಕರು ಬಂದರೆ ಸಿಬ್ಬಂದಿ ಬಾಯಿ ಬಿಡುವುದಿಲ್ಲ. ತಮ್ಮ ಹಾಗೇ ಪಾಳಿ ಮಾಡುವವರು ಬಂದರೆ 'ಆ ಕ್ರಾಸಿಂಗ್ ಹತ್ತಿರ ನಮಗೂ ಭಯ' ಅಂತ ತಾವಾಗಿ ಹೇಳುತ್ತಾರೆ. ನಾನು ಇಂಥ ಮಾತುಕತೆಗಳನ್ನು ಕಣ್ಣಾರೆ ನೋಡಿದ್ದೇನೆ. ದೊಡ್ಡ ಕನ್ಸಲ್ಟೆಂಟ್ ವರದಿಗಳಲ್ಲಿ ಸಿಗದ ವಿಷಯ ಅಲ್ಲಿ ಸಿಗುತ್ತದೆ.

ರೂಟ್_ಪ್ಲಾನರ್:

ಮೇಡಂ, ತರಬೇತಿ, ತಪಾಸಣೆ ಎಲ್ಲ ಒಪ್ಪಿದೆ. ಆದರೆ ಹಣದ ವಿಷಯ ಜಾಣತನದಿಂದ ಪಕ್ಕಕ್ಕಿಟ್ಟಿರಿ! ಅಂಗಡಿ, ಪಾರ್ಕಿಂಗ್, ಜಾಹೀರಾತಿನಿಂದ ನಿಲ್ದಾಣಕ್ಕೆ ಬರುವ ದುಡ್ಡು ಕಡಿಮೆಯೇನಲ್ಲ. ಆ ಅಂಗಡಿಗೆ ಜನ ಬರುವುದು ನಮ್ಮ ವಿಮಾನದಿಂದ. ಆ ಆದಾಯವನ್ನೂ ಸೇರಿಸಿ ಲೆಕ್ಕ ಹಾಕಿದರೆ ಲ್ಯಾಂಡಿಂಗ್ ಶುಲ್ಕ ಇಳಿಯುತ್ತದೆ. ನಿಮ್ಮ ಸಂಘ ಅದನ್ನು ಬೇರೆ ಗಲ್ಲಾದಲ್ಲಿ ಇಡಿ ಅನ್ನುತ್ತದೆ. ಪ್ರಶಸ್ತಿ ಬಗ್ಗೆಯೂ ಉತ್ತರ ಬರಲಿಲ್ಲ. ತನ್ನ ಸದಸ್ಯರಿಗೆ ತಾನೇ ಸೇವೆ ಮಾರಿ, ತಾನೇ ಬಹುಮಾನ ಕೊಡುವುದು ಸರಿಯಾ?

ಏಪ್ರನ್_ಹಳಬಿ:

ಪಕ್ಕಕ್ಕೆ ಇಟ್ಟಿಲ್ಲ, ನೀವೇ ಎತ್ತುತ್ತೀರಿ ಅಂತ ಗೊತ್ತಿತ್ತು 🙂

ಒಂದೇ ಗಲ್ಲಾ, ಎರಡು ಗಲ್ಲಾ ಜಗಳ ಮುಗಿಯುವಂಥದ್ದಲ್ಲ. ಎರಡು ಗಲ್ಲಾ ಇದ್ದರೆ ನಿಲ್ದಾಣಕ್ಕೆ ಅಂಗಡಿ ಬೆಳೆಸಲು ಹುಮ್ಮಸ್ಸು ಇರುತ್ತದೆ, ಹೊಸ ಟರ್ಮಿನಲ್‌ಗೆ ಹಣ ಹುಟ್ಟುತ್ತದೆ. ಒಂದೇ ಗಲ್ಲಾ ಇದ್ದರೆ ಕಂಪನಿಗಳಿಗೆ ಇವತ್ತೇ ಲಾಭ. ನನ್ನ ಅಭಿಪ್ರಾಯ ಹೇಳಲೇ? ಅಂಗಡಿಯೇ ಇಲ್ಲದ ಚಿಕ್ಕ ನಿಲ್ದಾಣಕ್ಕೆ ಈ ಜಗಳದಿಂದ ಏನೂ ಸಿಗುವುದಿಲ್ಲ. ಸಂಘದ ಎಲ್ಲಾ ಹೇಳಿಕೆಗಳೂ ಇದರ ಬಗ್ಗೆಯೇ ಇದ್ದರೆ ಅದು ದೊಡ್ಡವರ ಸಂಘ ಅಂತ ತಿಳಿಯಿರಿ. ಶುಲ್ಕದ ಬಗ್ಗೆ ಐಕಾವೊ ನೀತಿಯಲ್ಲಿ ನಾಲ್ಕು ಮಾತು ಇವೆ: ಭೇದ ಮಾಡಬೇಡಿ, ವೆಚ್ಚಕ್ಕೆ ತಕ್ಕ ಹಾಗೆ ಹಾಕಿ, ಲೆಕ್ಕ ತೋರಿಸಿ, ಹಾಕುವ ಮುಂಚೆ ಗಿರಾಕಿಯನ್ನು ಕೇಳಿ. ತನ್ನ ಸದಸ್ಯರೇ ಇವನ್ನು ಮುರಿದಾಗ ಸಂಘ ಸುಮ್ಮನಿದ್ದರೆ ನಿಮ್ಮ ಅನುಮಾನ ನಿಜ.

ಒಟ್ಟು ಸೇರಿ ದರ ಕಟ್ಟುವ ಭಯ ಇದೆಯಲ್ಲ, ಆ ಚರಿತ್ರೆ ಇರುವುದು ನಿಮ್ಮ ಕಡೆ. ಅಂತರರಾಷ್ಟ್ರೀಯ ಟಿಕೆಟ್ ದರಗಳನ್ನು ಬಹಳ ಕಾಲ ಅಯಾಟಾ ಸಭೆಗಳಲ್ಲೇ ನಿರ್ಧರಿಸುತ್ತಿದ್ದರು, ಸರ್ಕಾರಗಳ ಒಪ್ಪಿಗೆಯಿಂದಲೇ. ಈಗ ಯಾವ ಗಂಭೀರ ಸಂಘದ ಸಭೆಗೆ ಹೋದರೂ ಮೊದಲು ಸ್ಪರ್ಧಾ ಕಾನೂನಿನ ಎಚ್ಚರಿಕೆ ಓದುತ್ತಾರೆ. ಓದದಿದ್ದರೆ ಎದ್ದು ಬನ್ನಿ.

ಪ್ರಶಸ್ತಿ ವಿಷಯದಲ್ಲಿ ನೀವು ಅರ್ಧ ಸರಿ. ಏಸಿಐನ ಸೇವಾ ಗುಣಮಟ್ಟ ಸಮೀಕ್ಷೆ 2006ರಿಂದ ಇದೆ. ಹೊರಡುವ ಗೇಟಿನಲ್ಲಿ ಪ್ರಯಾಣಿಕರನ್ನೇ ಕೇಳುತ್ತಾರೆ, ಎಲ್ಲ ಕಡೆ ಒಂದೇ ಪ್ರಶ್ನಾವಳಿ. ಆ ಅಂಕಿಗಳು ಬಹಳ ಉಪಯುಕ್ತ. ಶೌಚಾಲಯದ ಅಂಕ ಯಾವಾಗ ಬಿದ್ದಿತು ಅಂತ ನೋಡಿ ಪಾಳಿ ಬದಲಿಸಬಹುದು. ಆದರೆ ಗೋಡೆಯ ಮೇಲಿನ ಫಲಕ ನೋಡಿ ನಾನು ಏನನ್ನೂ ನಂಬುವುದಿಲ್ಲ. 2009ರಲ್ಲಿ ಏಸಿಐ ಯುರೋಪ್ ಶುರು ಮಾಡಿದ ಇಂಗಾಲ ಪ್ರಮಾಣಪತ್ರ ಪರವಾಗಿಲ್ಲ, ಲೆಕ್ಕವನ್ನು ಹೊರಗಿನ ಪರಿಶೀಲಕರು ನೋಡಬೇಕು. ಆದರೂ ಮೊದಲ ಹಂತಗಳು ನಿಲ್ದಾಣದ ಸ್ವಂತ ಹೊಗೆಯನ್ನು ಮಾತ್ರ ನೋಡುತ್ತವೆ. ವಿಮಾನ ಇಳಿಯುವ, ಏರುವ ಹೊಗೆ ಮೇಲಿನ ಹಂತದಲ್ಲಿ ಬರುತ್ತದೆ. ಯಾವ ಹಂತ ಅಂತ ಕೇಳದೆ ಹೊಗಳಬಾರದು.

ಲೆಕ್ಕದ_ಮೇಜು:

ಇಬ್ಬರಿಗೂ ಥ್ಯಾಂಕ್ಸ್, ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಒಂದು ಕೇಳುತ್ತೇನೆ. ಇಂಥ ಸಂಘಗಳಲ್ಲಿ ದೊಡ್ಡ ನಿಲ್ದಾಣಗಳು ಜಾಸ್ತಿ ಶುಲ್ಕ ಕೊಡುತ್ತವೆ. ಹಾಗಿರುವಾಗ ಚಿಕ್ಕವರ ಮಾತು ನಡೆಯುತ್ತದಾ?

ಏಪ್ರನ್_ಹಳಬಿ:

ಸಭೆಯ ವೇದಿಕೆಯಲ್ಲಿ ನಡೆಯುವುದಿಲ್ಲ. ತಾಂತ್ರಿಕ ಸಮಿತಿಯಲ್ಲಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಕರಡು ಬರೆಯುವವರು ಯಾವಾಗಲೂ ಕಮ್ಮಿ. ಬರೆಯಲು ಒಪ್ಪಿದವರ ವಾಕ್ಯ ಉಳಿಯುತ್ತದೆ.

ಒಟ್ಟಾಗಿ ಮಾತಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ವಿಮಾನದ ರೆಕ್ಕೆ ನೋಡಿ. ಎ380 ರೆಕ್ಕೆ ತುದಿಯಿಂದ ತುದಿಗೆ 79.8 ಮೀಟರ್. ಯಾಕೆ 80 ದಾಟಲಿಲ್ಲ? ನಿಲ್ದಾಣಗಳು 80 ಮೀಟರ್ ಚೌಕದೊಳಗೆ ನಿಲ್ಲಬೇಕು ಅಂದಿದ್ದವು. ಬೋಯಿಂಗ್ 777ಎಕ್ಸ್ ಇನ್ನೂ ಮಜಾ. ಹಾರುವಾಗ ರೆಕ್ಕೆ ಸುಮಾರು 72 ಮೀಟರ್. ನೆಲದಲ್ಲಿ ತುದಿ ಮಡಚಿಕೊಂಡು 65ರೊಳಗೆ ಬರುತ್ತದೆ, ಈಗಿರುವ ದೊಡ್ಡ ವಿಮಾನಗಳ ಗೇಟಿಗೇ ಹೊಂದುತ್ತದೆ. ಗೇಟು ಒಡೆದು ಕಟ್ಟುವುದಕ್ಕಿಂತ ರೆಕ್ಕೆ ಮಡಚುವುದು ಅಗ್ಗ ಅಂತ ತಯಾರಕರೇ ಒಪ್ಪಿದ ಹಾಗೆ. ಒಂಟಿ ನಿಲ್ದಾಣ ಹೇಳಿದ್ದರೆ ಯಾರು ಕೇಳುತ್ತಿದ್ದರು?

ರೂಟ್_ಪ್ಲಾನರ್:

ಅದೊಂದು ಉದಾಹರಣೆಗೆ ಸೋತೆ 🙂 ಲೆಕ್ಕದ_ಮೇಜು ಅವರೇ, ಸದಸ್ಯತ್ವ ಇಟ್ಟುಕೊಳ್ಳಿ. ಆದರೆ ಸಂಘದ ಹಳೆಯ ಹೇಳಿಕೆಗಳಲ್ಲಿ ಒಂದಾದರೂ ತನ್ನ ಸದಸ್ಯರಿಗೆ ಇಷ್ಟವಾಗದ ಮಾತು ಹೇಳಿದೆಯಾ ಅಂತ ಹುಡುಕಿ. ನಾನು ಅಯಾಟಾದ್ದನ್ನೂ ಹಾಗೇ ಓದುತ್ತೇನೆ.

ಏಪ್ರನ್_ಹಳಬಿ:

ಅದು ಒಳ್ಳೆಯ ಪರೀಕ್ಷೆ. ಜೊತೆಗೆ ನಿಮ್ಮ ಕಾರ್ಯಾಚರಣೆ ವಿಭಾಗದವರನ್ನೂ ಕೇಳಿ: ಸಂಘದ ಕೈಪಿಡಿಗಳಲ್ಲಿ ಯಾವುದನ್ನು ತೆರೆದು ನೋಡಿದ್ದೀರಿ, ಯಾವ ಸಮಿತಿಯಲ್ಲಿ ನಮ್ಮವರು ಯಾರಿದ್ದಾರೆ ಅಂತ. ಯಾರೂ ಇಲ್ಲ ಅಂದರೆ ಮೊದಲು ಒಬ್ಬರ ಹೆಸರು ಕಳಿಸಿ. ಏಸಿಐಗೆ ಪ್ರಾದೇಶಿಕ ಶಾಖೆಗಳಿವೆ, ನಿಮ್ಮಷ್ಟೇ ಗಾತ್ರದ ನಿಲ್ದಾಣಗಳವರು ಸಿಗುವುದು ಅಲ್ಲೇ. ಸುರಕ್ಷತೆ ಅಥವಾ ಅರ್ಥಶಾಸ್ತ್ರ ಸಮಿತಿ ಆರಿಸಿಕೊಳ್ಳಿ. ಲೆಕ್ಕ ಬಲ್ಲವರು ಅರ್ಥಶಾಸ್ತ್ರ ಸಮಿತಿಗೆ ಬಂದರೆ ಎರಡನೇ ಸಭೆಗೇ ಕರಡು ನಿಮ್ಮ ಕೈಗೆ ಬರುತ್ತದೆ, ಈಗಲೇ ಹೇಳಿರುತ್ತೇನೆ.