ಚಕ್ಕುಲಿ ಡಬ್ಬಿಗೆ ಬಿದ್ದ ರಾಕ್ ವೋಟು

ತಪ್ಪು ನನ್ನದೇ. ಬಾಯಲ್ಲಿ ಚಕ್ಕುಲಿ ಇತ್ತು, ಅಷ್ಟರಲ್ಲೇ ಸುಮ್ಮನಿರಬಹುದಿತ್ತು. "ಈಗಲ್ಸ್ ತಂಡದವರು ಆ ಹೋಟೆಲ್ ಕ್ಯಾಲಿಫೋರ್ನಿಯಾ ಹಾಡನ್ನ ಸ್ವಲ್ಪ ಎಳೀತಾರೆ ಅಲ್ವಾ" ಅಂದುಬಿಟ್ಟೆ. ಗಡ್ಡನ ಕಾಫಿ ಲೋಟ ತುಟಿ ಹತ್ತಿರ ಹೋಗಿದ್ದು ಹಾಗೇ ವಾಪಸ್ ಬಂತು.

ಗಡ್ಡ ನಮ್ಮ ಗುಂಪಿನ ಒಬ್ಬನೇ ಒಬ್ಬ ರಾಕ್ ಭಕ್ತ. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದಾಗ ಅರಮನೆ ಮೈದಾನದಲ್ಲಿ ನೆನೆದು ಬಂದವನು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ, ಅದೇ ಮೈದಾನ, ಅದೇ ಕಪ್ಪು ಟೀ ಶರ್ಟ್. (ಮಧ್ಯೆ ಒಗೆದಿದ್ದಾನಾ ಅಂತ ಯಾರೂ ಕೇಳಿಲ್ಲ.) ಉಳಿದ ಮೂವರು ಪಾಪ್ ಮಂದಿ. ಪುಟ್ಟಿಗೆ ಟೇಲರ್ ಸ್ವಿಫ್ಟ್, ಶೆಟ್ರಿಗೆ ಮೈಕಲ್ ಜಾಕ್ಸನ್, ನನಗೆ ಸ್ವೀಡನ್ನಿನ ಅಬ್ಬಾ. ಹೆಸರು ಹೇಳಿದರೇ ಹೊಗಳಿದ ಹಾಗಾಗುವ ತಂಡ ಜಗತ್ತಿನಲ್ಲಿ ಇನ್ಯಾವುದಿದೆ ಹೇಳಿ.

"ಪಾಪ್ ಕೇಳೋರು ರಾಕ್ ಬಗ್ಗೆ ಮಾತಾಡಬಾರದು" ಅಂದ ಗಡ್ಡ. "ಹಳೇ ರಾಕ್‌ನಲ್ಲಿ ಯಾವುದು ದೊಡ್ಡದು ಅನ್ನೋದು ಎಂದೋ ತೀರ್ಮಾನ ಆಗಿದೆ. ಅದು ಶಾಸನ, ಕಲ್ಲಲ್ಲಿ ಕೆತ್ತಿದ್ದು."

"ಕೆತ್ತಿದವರು ಯಾರು?" ಅಂದಳು ಪುಟ್ಟಿ. ಅವನು ಬಾಯಿ ತೆರೆಯುವುದರೊಳಗೆ ಹಾಲಿನ ಬಿಲ್ಲು ಹರಿದು ಚೀಟಿ ಮಾಡಿದ್ದಳು. ಒಂದೊಂದೂ ದೊಡ್ಡದು ಹೌದೋ ಅಲ್ಲವೋ ಅಂತ ನಾವು ಮೂರು ಜನ ವೋಟು ಹಾಕೋದು. ಗಡ್ಡ ಚುನಾವಣಾಧಿಕಾರಿ, ಅವನಿಗೆ ವೋಟಿಲ್ಲ, ಸಮಬಲ ಬಂದರೆ ಮಾತ್ರ ಒಂದು. ಮತಪೆಟ್ಟಿಗೆ ಬೇಕಲ್ಲ, ಖಾಲಿಯಾಗಿದ್ದ ಚಕ್ಕುಲಿ ಡಬ್ಬಿ ಇತ್ತು.

"ಇದು ಮಠದ ಪಂಕ್ತಿಯಲ್ಲಿ ಕೂತವರನ್ನ ಬಿರಿಯಾನಿ ಹೇಗಿದೆ ಅಂತ ಕೇಳಿದ ಹಾಗೆ" ಅಂತ ಗಡ್ಡ ಗೊಣಗಿದ.

ಶೆಟ್ರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಹತ್ತು ನಿಮಿಷ ಬೇರೆಯವರಿಗೆ ಮಾತಿಲ್ಲ. "ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಾಕ್‌ನವರದ್ದೇ ಒಂದು ಹಾಲ್ ಆಫ್ ಫೇಮ್ ಇದೆ, ದೊಡ್ಡವರನ್ನ ಆರಿಸಿ ಗೌರವಿಸೋ ಜಾಗ. ಮೊದಲ ರೆಕಾರ್ಡ್ ಬಂದು 25 ವರ್ಷ ಆದ ಮೇಲೆ ಒಳಗೆ ಹೋಗೋಕೆ ಅರ್ಹತೆ. ಅಭಿಮಾನಿಗಳೂ ವೋಟು ಹಾಕಬಹುದು. 2020ರಲ್ಲಿ ಡೇವ್ ಮ್ಯಾಥ್ಯೂಸ್ ಬ್ಯಾಂಡ್‌ಗೆ ಅಭಿಮಾನಿಗಳು ಹತ್ತು ಲಕ್ಷಕ್ಕಿಂತ ಜಾಸ್ತಿ ವೋಟು ಹಾಕಿದರು. ಅವರೇ ಫಸ್ಟು."

"ಆಮೇಲೆ?"

"ಒಳಗೆ ಬಿಡಲಿಲ್ಲ."

ಪುಟ್ಟಿಗೆ ನಂಬಿಕೆ ಬರಲಿಲ್ಲ. ಅಭಿಮಾನಿಗಳು ಎಷ್ಟು ಲಕ್ಷ ಒತ್ತಿದರೂ ಕೊನೆಗೆ ಅದೆಲ್ಲ ಸೇರಿ ಒಂದೇ ಒಂದು ಮತಪತ್ರ ಅಂತೆ, ಉಳಿದದ್ದು ಸಂಗೀತಗಾರರು, ಬಲ್ಲವರು ಹಾಕುವ ಸಾವಿರ ಚಿಲ್ಲರೆ. ಆ ತಂಡ ಒಳಗೆ ಹೋಗೋಕೆ 2024 ಆಗಬೇಕಾಯಿತು. "ಹತ್ತು ಲಕ್ಷ ವೋಟು ತಗೊಂಡು ಠೇವಣಿ ಕಳಕೊಂಡ ಅಭ್ಯರ್ಥಿಯನ್ನ ನಮ್ಮ ಕಡೆ ಎಲ್ಲೂ ನೋಡಿಲ್ಲ" ಅಂದಳು.

"ನಮ್ಮ ಅಬ್ಬಾ 2010ರಲ್ಲೇ ಒಳಗೆ ಹೋಗಿದೆ" ಅಂತ ನಾನು ನಡುವೆ ತೂರಿದೆ.

"ಅದು ಬಾಗಿಲು ಕಾಯೋರ ತಪ್ಪು" ಅಂದ ಗಡ್ಡ.

ಮೊದಲ ಅಭ್ಯರ್ಥಿ ಲೆಡ್ ಜೆಪ್ಲಿನ್‌ನ ಸ್ಟೇರ್‌ವೇ ಟು ಹೆವನ್, 1971. ಗಡ್ಡ ಎದ್ದು ನಿಂತು ಹಾಕಿದ. ನಾವೂ ಎದ್ದು ನಿಲ್ಲಬೇಕು ಅನ್ನೋ ಥರ ನೋಡಿದ. ಗಿಟಾರು, ಕೊಳಲಿನಂಥದ್ದೇನೋ, ಮತ್ತೆ ಗಿಟಾರು. ಡ್ರಮ್ಸ್ ಬರೋಕೆ ನಾಲ್ಕು ನಿಮಿಷ ದಾಟುತ್ತೆ. ಪುಟ್ಟಿ ಗಡಿಯಾರ ನೋಡಿದಳು. "ಇಷ್ಟರಲ್ಲಿ ನಮ್ಮ ಕಡೆ ಲವ್ ಆಗಿ, ಬಿಟ್ಟು ಹೋಗಿ, ಅತ್ತು, ಎರಡನೇ ಹಾಡು ಶುರುವಾಗಿರುತ್ತೆ."

"ಆಲಾಪನೆ ಕೇಳೋಕೆ ತಾಳ್ಮೆ ಬೇಕಮ್ಮಾ. ಎಂಟೇ ನಿಮಿಷ. ನಿಮ್ಮ ಟೇಲರಮ್ಮ 2021ರಲ್ಲಿ ಒಂದೇ ಬ್ರೇಕಪ್‌ಗೆ ಹತ್ತು ನಿಮಿಷದ ಹಾಡು ಬಿಟ್ಟಳಲ್ಲ, ಅದನ್ನ ರಾತ್ರಿಯೆಲ್ಲಾ ಹಾಕಿಕೊಂಡು ಕೂತವರು ಯಾರು?"

ಪುಟ್ಟಿ ಮಾತಾಡದೆ ಚೀಟಿ ಮಡಚಿದಳು. ಮೂರಕ್ಕೆ ಮೂರು. ಗಡ್ಡನ ಮೀಸೆ ಮೇಲೆ ಹೋಯಿತು.

ಪಿಂಕ್ ಫ್ಲಾಯ್ಡ್‌ಗೆ ಚರ್ಚೆಯೇ ಆಗಲಿಲ್ಲ. ಅವರ ಡಾರ್ಕ್ ಸೈಡ್ ಆಫ್ ದ ಮೂನ್ ಆಲ್ಬಮ್ 1973ರಲ್ಲಿ ಬಂದು, 1988ರ ಹೊತ್ತಿಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 741 ವಾರ ಕೂತಿತ್ತು. ಅಷ್ಟು ಕಾಲ ಕೂತರೆ ಬಾಡಿಗೆ ಮನೆಯೂ ಸ್ವಂತ ಆಗುತ್ತೆ ಅಂತ ಶೆಟ್ರು ಪಾಸು ಮಾಡಿದರು. ಕ್ವೀನ್‌ಗೂ ಹಾಗೇ. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಓದಿದ್ದು ಪಂಚಗಣಿಯಲ್ಲಿ, ಪುಣೆ ಹೈವೇಯಲ್ಲಿ ಸತಾರಾ ದಾಟಿ ಎಡಕ್ಕೆ ತಿರುಗಿದರೆ ಸಿಗೋ ಊರು, ಅಂದಮೇಲೆ ನಮ್ಮ ಹುಡುಗನೇ ಅಂತ ಅವರ ವಾದ.

ಜಗಳ ಆದದ್ದು ಡೀಪ್ ಪರ್ಪಲ್‌ಗೆ. ಸ್ಮೋಕ್ ಆನ್ ದ ವಾಟರ್ ಹಿಂದಿನ ಕಥೆ ಚೆನ್ನಾಗಿದೆ, ಒಪ್ಪುತ್ತೇನೆ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಮಾಂಟ್ರೋದಲ್ಲಿ ಫ್ರ್ಯಾಂಕ್ ಜಪ್ಪಾ ಕಛೇರಿ ನಡೀತಿದ್ದಾಗ ಯಾರೋ ಪುಣ್ಯಾತ್ಮ ಒಳಗೇ ಬೆಂಕಿ ಹಾರಿಸಿದ, ಇಡೀ ಕ್ಯಾಸಿನೊ ಹೊತ್ತಿಕೊಂಡಿತು, ಅಲ್ಲಿ ರೆಕಾರ್ಡ್ ಮಾಡೋಕೆ ಬಂದಿದ್ದ ಇವರು ಸರೋವರದ ಮೇಲಿನ ಹೊಗೆ ನೋಡಿ ಹಾಡು ಕಟ್ಟಿದರು. ಆದರೆ ನಮ್ಮ ಮೇಲಿನ ಮನೆ ಹುಡುಗ ಆರು ತಿಂಗಳಿಂದ ಗಿಟಾರು ಕಲಿಯುತ್ತಿದ್ದಾನೆ, ಎಲ್ಲಾ ಗಿಟಾರು ಹುಡುಗರ ಹಾಗೆ ಈ ಹಾಡಿಂದಲೇ ಶುರು. ಮೊದಲ ಸಾಲು ಬಿಟ್ಟು ಮುಂದೆ ಹೋಗಿಲ್ಲ. ನಾನು ವಿರುದ್ಧ ಹಾಕಿದೆ. ಎರಡು ಒಂದರಲ್ಲಿ ಗೆದ್ದಿತು, ನನ್ನ ನಿದ್ದೆಗೆ ಬೆಲೆಯೇ ಇಲ್ಲ.

ಆಮೇಲೆ ಶೆಟ್ರು ತಮ್ಮ ಅಭ್ಯರ್ಥಿಯನ್ನು ಬಿಟ್ಟರು. ಮೈಕಲ್ ಜಾಕ್ಸನ್‌ನ ಬೀಟ್ ಇಟ್. ಗಡ್ಡ ಡಬ್ಬಿ ಮುಚ್ಚಳ ಹಾಕಿಬಿಟ್ಟ. "ನಾಮಪತ್ರ ತಿರಸ್ಕೃತ. ಅದು ಪಾಪ್."

"ಅದರಲ್ಲಿ ಗಿಟಾರ್ ಸೋಲೊ ಯಾರದ್ದು?"

ಗಡ್ಡ ಚಾವಣಿ ನೋಡಿದ. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್. ಇವನ ರೂಮಿನ ಗೋಡೆಯಲ್ಲಿ ಇರೋದು ಅದೇ ಮುಖ. ಅದೂ ದುಡ್ಡು ತಗೊಳ್ಳದೆ ನುಡಿಸಿಕೊಟ್ಟದ್ದು.

"ದೇವರೇ ಬಂದು ಬಿಟ್ಟಿ ಕೆಲಸ ಮಾಡಿ ಹೋಗಿದ್ದಾನೆ" ಅಂದರು ಶೆಟ್ರು, "ಗುಡಿ ಯಾವುದಾದರೇನಪ್ಪಾ?" ಮುಚ್ಚಳ ತೆರೆಯಿತು.

ಸೋತ ಮುಖದಲ್ಲಿ ಗಡ್ಡ ಬೀಟಲ್ಸ್ ತಂದ. ಸಾರ್ಜೆಂಟ್ ಪೆಪರ್, ಇದಕ್ಕಾದರೂ ವೋಟು ಬೇಡ, ಜಗತ್ತೇ ಒಪ್ಪಿದೆ ಅಂದ. ಪುಟ್ಟಿ ಮೊಬೈಲ್ ನೋಡಿ ಓದಿದಳು. ರೋಲಿಂಗ್ ಸ್ಟೋನ್ ಪತ್ರಿಕೆಯ 500 ಆಲ್ಬಮ್‌ಗಳ ಪಟ್ಟಿಯಲ್ಲಿ 2003ರಲ್ಲಿ ಒಂದನೇ ಸ್ಥಾನ, 2012ರಲ್ಲೂ ಒಂದನೇ ಸ್ಥಾನ. 2020ರಲ್ಲಿ ಹೊಸದಾಗಿ ವೋಟು ಹಾಕಿಸಿದರು. 24.

"ಇಪ್ಪತ್ನಾಲ್ಕಾ? ಹಾಗಾದ್ರೆ ಒಂದನೇದು?"

"ಮಾರ್ವಿನ್ ಗೇ."

"ಅವನು ರಾಕೇ ಅಲ್ಲ!"

"ಶಾಸನ ಅಂದೆಯಲ್ಲೋ" ಅಂದಳು ಪುಟ್ಟಿ. "ಅವರ ಹತ್ತಿರವೂ ಡಬ್ಬಿನೇ ಇರೋದು."

ಕೊನೆಗೆ ಜಗಳದ ಮೂಲ. ಹೋಟೆಲ್ ಕ್ಯಾಲಿಫೋರ್ನಿಯಾ. ಅಷ್ಟರಲ್ಲಿ ಶೆಟ್ರಿಗೆ ಮನೆಯಿಂದ ಫೋನು, ಮೊಸರು ತರಬೇಕಂತೆ, ವೋಟು ಹಾಕದೆ ಹೊರಟೇ ಹೋದರು. ಪುಟ್ಟಿ ಪರ, ನಾನು ವಿರುದ್ಧ. ಸಮಬಲ.

ಗಡ್ಡ ಪೆನ್ನು ಹಿಡಿದು ಕೂತ. ನಾವು ಅಂದುಕೊಂಡದ್ದಕ್ಕಿಂತ ತುಂಬಾ ಹೊತ್ತು ಕೂತ. "ಇಪ್ಪತ್ತು ವರ್ಷದಿಂದ ಯಾವ ಪಬ್ಬಿಗೆ ಹೋದ್ರೂ ಸ್ಟೇಜಿನ ಮೇಲೆ ಇದೇ" ಅಂತ ಮೆಲ್ಲಗೆ ಅಂದ. ಏನೋ ಗೀಚಿದ, ನಮಗೆ ಕಾಣದ ಹಾಗೆ ಮಡಚಿ ಡಬ್ಬಿಗೆ ಹಾಕಿದ, ಹೆಲ್ಮೆಟ್ ತಗೊಂಡು ಕೆಳಗಿಳಿದ.

ತೆಗೆದು ನೋಡಿದರೆ ಚೀಟಿಯೆಲ್ಲಾ ಚಕ್ಕುಲಿ ಎಣ್ಣೆ. ಶಾಯಿ ಹರಡಿ ಹೋಗಿದೆ. ಪುಟ್ಟಿ ಅದು ರೈಟ್ ಮಾರ್ಕು ಅಂತಾಳೆ, ನಾನು ಇಂಟು ಅಂತೀನಿ. ಗಡ್ಡನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ.